ಆಯಿಗೊಂದು ಬಟನ್ ಫೋನ್: ಚಿಂಚೋಳಿ ಕಡೆಯ ಒಂದು ಪ್ರಕರಣ

ಹೀಗೊಂದು ಪ್ರಕರಣ ಇಟ್ಟುಕೊಳ್ಳೋಣ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನಲ್ಲಿ ತೆಲಂಗಾಣ ಗಡಿಗೆ ಹತ್ತಿರದ ಒಂದು ಹಳ್ಳಿ. ಅರವತ್ತಾರು ವರ್ಷದ ಹೆಣ್ಣುಮಗಳು, ಮಕ್ಕಳ ಬಾಯಲ್ಲಿ ಆಯಿ, ಅಂದರೆ ತಾಯಿ; ಮನೆಯಲ್ಲಿ ಒಬ್ಬಳೇ. ಮಗ ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾನೆ, ಮಗಳನ್ನು ಸೇಡಂಗೆ ಕೊಟ್ಟಿದ್ದಾರೆ. ಇಷ್ಟು ದಿನ ಫೋನ್ ಬಂದರೆ ಪಕ್ಕದ ಮನೆಯ ಹುಡುಗ ಓಡಿಬಂದು ಕೈಗೆ ಕೊಡುತ್ತಿದ್ದ. ಹುಡುಗ ಓದಲಿಕ್ಕೆ ಕಲಬುರಗಿಗೆ ಹೋದ, ಆ ದಾರಿಯೂ ಮುಚ್ಚಿತು. ಪಾಸ್‌ಬುಕ್ಕಿಗೆ ಜೋಡಿಸಿದ್ದು ಮಗನ ನಂಬರ್. ಹಾಗಾಗಿ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಜಮಾ ಆದ ಸುದ್ದಿ ಹೈದರಾಬಾದಿಗೆ ಹೋಗುತ್ತದೆ, ಊರಲ್ಲಿ ಇರುವವಳಿಗೆ ಗೊತ್ತಾಗುವುದೇ ಇಲ್ಲ.

ಆಕೆಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತವೆ. ಬಸ್ಸಿನ ನಂಬರು, ನೋಟು, ಕ್ಯಾಲೆಂಡರ್ ಓದುತ್ತಾಳೆ. ಫೋನಿಗೆಂದು ಮಗಳು ತೆಗೆದಿಟ್ಟಿದ್ದು 2,000 ರೂಪಾಯಿ. ರಿಚಾರ್ಜು ಪಿಂಚಣಿಯಲ್ಲೇ ನಡೆಯಬೇಕು.

ಮೊದಲು ಮಾಡಬೇಕಾದದ್ದು ಅಂಗಡಿಗೆ ಹೋಗುವುದಲ್ಲ, ಒಂದು ವಾರದ ಲೆಕ್ಕ ಬರೆದಿಡುವುದು. ಪಕ್ಕದ ಮನೆಯ ಫೋನಿಗೆ ಆಕೆಗಾಗಿ ಬಂದ ಕರೆ ಎಷ್ಟು, ಆಕೆ ಮಾಡಿಸಿದ್ದು ಎಷ್ಟು? ಇಲ್ಲಿ ಲೆಕ್ಕ ಹೀಗೆ ಬಂತು: ವಾರಕ್ಕೆ ಬಂದ ಕರೆ ಹದಿನೈದರ ಆಸುಪಾಸು, ಮಾಡಿದ್ದು ಐದಾರು, ಒಂದೊಂದೂ ಮೂರ್ನಾಲ್ಕು ನಿಮಿಷ. ಇಂಟರ್‌ನೆಟ್ ಸೊನ್ನೆ. ಇಂಥ ಬಳಕೆದಾರರಿಗೆ ಮಾತಿನ ಖರ್ಚು ಖರ್ಚೇ ಅಲ್ಲ. ದುಡ್ಡು ಹೋಗುವುದು ನಂಬರ್ ಚಾಲೂ ಇಡುವುದಕ್ಕೆ. ಇದೊಂದು ಗೊತ್ತಿದ್ದರೆ ಮುಂದಿನ ಆಯ್ಕೆಗಳು ಅರ್ಧಕ್ಕರ್ಧ ತಾವೇ ಇತ್ಯರ್ಥವಾಗುತ್ತವೆ.

ಟವರ್ ಯಾವುದು ಹಿಡಿಯುತ್ತದೆ

ಸೆಟ್ ಕೊಂಡು ಆಮೇಲೆ ಸಿಮ್ ನೋಡುವುದು ನಮ್ಮ ಕಡೆಯ ರೂಢಿ. ಇದು ಉಲ್ಟಾ. ಮೊದಲು ಟವರ್, ಆಮೇಲೆ ಸಿಮ್, ಕಡೆಗೆ ಸೆಟ್.

ಊರಿನಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರುವ ಮೂರ್ನಾಲ್ಕು ಜನರನ್ನು ಮನೆಗೆ ಕರೆಸಿ, ಒಳಗೆ ಕೂಡಿಸಿ ಫೋನ್ ಮಾಡಿಸಿ ನೋಡಬೇಕು. ಅಂಗಳದಲ್ಲಿ ನಿಂತು ನೋಡಿದರೆ ಉಪಯೋಗವಿಲ್ಲ. ಈ ಭಾಗದ ಹಳೆಯ ಮನೆಗಳ ಗೋಡೆ ಕಲ್ಲಿನವು, ಒಂದೂವರೆ ಎರಡು ಅಡಿ ದಪ್ಪ. ಮೇಲೆ ಮಣ್ಣಿನ ಮಾಳಿಗೆ, ಇಲ್ಲವೇ ಫರ್ಸಿ ಕಲ್ಲು, ಇಲ್ಲವೇ ತಗಡಿನ ಪತ್ರಾಸ್. 2300 ಮೆಗಾಹರ್ಟ್ಸ್‌ನಂಥ ಮೇಲಿನ ತರಂಗ ಇಂಥ ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. 850, 900 ಮೆಗಾಹರ್ಟ್ಸ್‌ನವು ಅಷ್ಟಿಷ್ಟಾದರೂ ಒಳಗೆ ಬರುತ್ತವೆ. ಅಂಗಳದಲ್ಲಿ ನಾಲ್ಕು ಕಡ್ಡಿ ತೋರಿಸುವ ಫೋನು ಅಡುಗೆ ಮನೆಯಲ್ಲಿ ಸತ್ತಂತೆ ಕೂಡುವುದಕ್ಕೆ ಕಾರಣ ಇದು.

ಈ ಮನೆಯಲ್ಲಿ ಒಂದು ಕಂಪನಿಯದು ಬಾಗಿಲ ಬಳಿ ಮಾತ್ರ ಸಿಕ್ಕಿತು. ಇನ್ನೊಂದು ಒಳಗೆ ಎರಡು ಕಡ್ಡಿ ಕೊಟ್ಟಿತು, ಆದರೆ ಸ್ಮಾರ್ಟ್‌ಫೋನಿನಲ್ಲಿ, 4ಜಿಯಲ್ಲಿ. ಮೂರನೆಯದರ ಸಿಗ್ನಲ್ಲು ಹಳೆಯ 2ಜಿ ಸೆಟ್ಟಿನಲ್ಲೂ ಒಲೆಯ ಪಕ್ಕದವರೆಗೆ ಬಂತು. ಎಂಥ ಫೋನಿನಲ್ಲಿ ಪರೀಕ್ಷೆ ಮಾಡಿದಿರಿ ಎಂಬುದು ಕಂಪನಿಯ ಹೆಸರಿನಷ್ಟೇ ಮುಖ್ಯ. ಸ್ಮಾರ್ಟ್‌ಫೋನಿನ 4ಜಿ ಕಡ್ಡಿ ನೋಡಿ 2ಜಿ ಸೆಟ್ ತಂದರೆ ಮನೆಯಲ್ಲಿ ಫೋನು ಹತ್ತುವುದಿಲ್ಲ. ಹೊಲದಲ್ಲೂ ಒಮ್ಮೆ ನೋಡಿ. ತೊಗರಿ ಕೊಯ್ಯುವ ದಿನಗಳಲ್ಲಿ ಆಕೆ ಇರುವುದೇ ಅಲ್ಲಿ.

ಗಡಿ ಊರುಗಳಿಗೆ ಇನ್ನೊಂದು ತಿರುವು ಇದೆ. ಟೆಲಿಕಾಂ ಲೆಕ್ಕದಲ್ಲಿ ತೆಲಂಗಾಣ ಇಂದಿಗೂ ಆಂಧ್ರಪ್ರದೇಶ ಸರ್ಕಲ್ಲಿಗೆ (ಫೋನ್ ಕಂಪನಿಗಳ ಸೇವಾ ವಲಯಕ್ಕೆ) ಸೇರಿದ್ದು. ಚಿಂಚೋಳಿಯ ಗುಡ್ಡದ ಆಚೆಗಿನ ಟವರು ಬಲವಾಗಿದ್ದರೆ ಫೋನು ತಾನಾಗಿ ಅತ್ತ ಜಿಗಿಯುತ್ತದೆ. ಈಗಿನ ಪ್ಲಾನುಗಳಲ್ಲಿ ದೇಶದೊಳಗಿನ ರೋಮಿಂಗಿಗೆ ಬೇರೆ ದುಡ್ಡಿಲ್ಲ, ಹೆದರಬೇಕಾಗಿಲ್ಲ. ಆದರೆ ಅತ್ತ ಇತ್ತ ಜಿಗಿಯುವುದರಲ್ಲೇ ಬ್ಯಾಟರಿ ಕರಗುತ್ತದೆ. ನಾಲ್ಕು ದಿನ ಬರಬೇಕಾದ ಚಾರ್ಜು ಎರಡೇ ದಿನಕ್ಕೆ ಮುಗಿದರೆ ಸೆಟ್ಟನ್ನು ಬೈಯುವ ಮುನ್ನ ಇದನ್ನು ನೆನಪಿಸಿಕೊಳ್ಳಿ.

ಮಗ ಕಳಿಸಿದ ಸಿಮ್ ಯಾಕೆ ಬೇಡ

ಮಗನ ಮಾತು ಸರಳವಾಗಿತ್ತು: "ಇಲ್ಲಿ ನನ್ನ ಹೆಸರ‍್ಲೆ ಒಂದು ಸಿಮ್ ತಗೊಂಡು ಕಳಿಸ್ತೀನಿ, ನೀ ಹಾಕ್ಕೊಂಡ್ಬಿಡು." ಹೈದರಾಬಾದಿನ ಸಿಮ್ಮು ಚಿಂಚೋಳಿಯಲ್ಲಿ ನಡೆಯುತ್ತದೆ, ಅದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಹೆಸರಿನಲ್ಲಿ.

ಸಿಮ್ ಯಾರ ಹೆಸರಲ್ಲಿದೆಯೋ ನಂಬರು ಅವರದು. ನಾಳೆ ಸಿಮ್ಮು ಕಳೆದರೆ, ಮುರಿದರೆ, ಅದೇ ನಂಬರಿನ ಬದಲಿ ಸಿಮ್ ಕೊಡುವಾಗ ಅಂಗಡಿಯವರು ಕೇಳುವುದು ಹೆಸರಿನವರ ಆಧಾರ್ ಮತ್ತು ಬೆರಳು. ಆಯಿ ಚಿಂಚೋಳಿ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋದರೆ ಏನೂ ಆಗುವುದಿಲ್ಲ. ಮಗ ಕೂಲಿ ಬಿಟ್ಟು ಬರಬೇಕು. ಆ ನಂಬರನ್ನು ಬ್ಯಾಂಕಿಗೆ ಜೋಡಿಸಿದ್ದರೆ ಇನ್ನೂ ಫಜೀತಿ. ರಿಚಾರ್ಜಿನದೂ ಒಂದು ಕಿರಿಕಿರಿ ಇದೆ: ಪ್ಲಾನುಗಳು ಸರ್ಕಲ್ ಪ್ರಕಾರ ಇರುತ್ತವೆ. ಊರಿನ ಅಂಗಡಿಯವನು ಅಭ್ಯಾಸಬಲದಿಂದ ಕರ್ನಾಟಕ ಎಂದು ಒತ್ತಿದರೆ ಆಂಧ್ರ ಸರ್ಕಲ್ಲಿನ ನಂಬರಿಗೆ ರಿಚಾರ್ಜು ಬೀಳದೆ ದುಡ್ಡು ನಡುವೆ ನೇತಾಡುತ್ತದೆ.

ಒಬ್ಬರ ಹೆಸರಿನಲ್ಲಿ ಗರಿಷ್ಠ ಒಂಬತ್ತು ಸಿಮ್ ಎಂಬ ಮಿತಿಯೂ ಇದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮಿತಿ ಮೀರಿದರೆ ಮೊದಲ ಸಲಕ್ಕೆ 50,000 ರೂಪಾಯಿವರೆಗೆ ದಂಡ. ಮನೆಮಂದಿಗೆಲ್ಲ ಒಬ್ಬನೇ ಸಿಮ್ ತೆಗೆಸುವ ಕುಟುಂಬಗಳು ಇದನ್ನು ಮರೆಯುತ್ತವೆ. ಆಯಿಯ ಸಿಮ್ಮು ಆಯಿಯ ಹೆಸರಿನಲ್ಲೇ ಆಗಬೇಕು, ಇದರಲ್ಲಿ ಎರಡು ಮಾತಿಲ್ಲ.

ಸೆಟ್

ಅಂಗಡಿಯಲ್ಲಿ ಕಾಣುವ ಬಟನ್ ಫೋನುಗಳು ಮೂರು ಜಾತಿ. ಒಂದು ಬರೀ 2ಜಿ. ಇನ್ನೊಂದು 4ಜಿ ವೋಲ್ಟಿಇ (VoLTE, ಮಾತೂ 4ಜಿಯ ಮೇಲೆಯೇ ಹೋಗುವ ವ್ಯವಸ್ಥೆ) ಇರುವ ಕೀಪ್ಯಾಡ್, ಯಾವ ಕಂಪನಿಯ ಸಿಮ್ ಬೇಕಾದರೂ ಹಾಕಬಹುದು. ಮೂರನೆಯದು ಒಂದೇ ಕಂಪನಿಗೆ ಬೀಗ ಹಾಕಿದ್ದು. 2023ರ ಜುಲೈನಲ್ಲಿ 999 ರೂಪಾಯಿಗೆ ಬಂದ ಜಿಯೋ ಭಾರತ್ ಇಂಥದ್ದು, ಅದರಲ್ಲಿ ಜಿಯೋ ಸಿಮ್ ಮಾತ್ರ ನಡೆಯುತ್ತದೆ. ಅಗ್ಗ ಎಂಬುದು ನಿಜ. ಆದರೆ ಮನೆಯೊಳಗೆ ಆ ಕಂಪನಿಯ ಟವರ್ ಇದ್ದವರಿಗೆ ಮಾತ್ರ ಅದು ಅಗ್ಗ.

ಪದೇ ಪದೇ ಆಗುವ ಎಡವಟ್ಟು 2ಜಿ ಸೆಟ್ಟಿನದು. 2016ರಲ್ಲಿ ಶುರುವಾದ ಜಿಯೋಗೆ 2ಜಿ ಜಾಲವೇ ಇಲ್ಲ, ಮಾತೂ 4ಜಿಯ ಮೇಲೆಯೇ ಹೋಗುತ್ತದೆ. ಆ ಸಿಮ್ಮನ್ನು 2ಜಿ ಸೆಟ್ಟಿಗೆ ಹಾಕಿದರೆ ಸೆಟ್ಟಿನಲ್ಲಿ ದೋಷವಿಲ್ಲ, ಸಿಮ್ಮಿನಲ್ಲೂ ಇಲ್ಲ, ಆದರೂ ಫೋನ್ ಹತ್ತುವುದಿಲ್ಲ. ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ), ಬಿಎಸ್‌ಎನ್‌ಎಲ್‌ಗೆ 2ಜಿ ಇದೆ. ಬಿಎಸ್‌ಎನ್‌ಎಲ್ 4ಜಿ ನಂಬಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಬ್ಯಾಂಡ್ 28 ಇದೆಯೇ ನೋಡಬೇಕು. ಅದರ 4ಜಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿದೆ, ಇದರಲ್ಲಿ ದೂರ ಹೋಗುವುದು 700, ಅದೇ ಬ್ಯಾಂಡ್ 28. ಅಗ್ಗದ ಕೀಪ್ಯಾಡುಗಳಲ್ಲಿ ಅನೇಕ ಸಲ ಅದೇ ಇರುವುದಿಲ್ಲ.

ಇಲ್ಲಿ ತೆಗೆದುಕೊಂಡಿದ್ದು ಬೀಗವಿಲ್ಲದ 4ಜಿ ಕೀಪ್ಯಾಡ್, 2,000ದೊಳಗೆ. 2ಜಿ ಸೆಟ್ಟಿಗಿಂತ ಐದಾರು ನೂರು ಹೆಚ್ಚು. ಅದು ವ್ಯರ್ಥವಲ್ಲ, ಯಾಕೆಂದರೆ ನಾಳೆ ಊರಿನಲ್ಲಿ ಇನ್ನೊಂದು ಕಂಪನಿಯ ಟವರು ಚೆನ್ನಾದರೆ ನಂಬರನ್ನು ಅತ್ತ ಪೋರ್ಟ್ ಮಾಡಬಹುದು, ಸೆಟ್ ಬದಲಿಸಬೇಕಾಗಿಲ್ಲ.

ಕೌಂಟರಿನ ಮೇಲೇ ಮಾಡಬೇಕಾದ ಪರೀಕ್ಷೆಗಳು ಐದು ನಿಮಿಷದ ಕೆಲಸ. *#06# ಒತ್ತಿ, ತೆರೆಯ ಮೇಲೆ ಬರುವ ಹದಿನೈದು ಅಂಕಿಯ ಐಎಂಇಐ (ಸೆಟ್ಟಿನ ಗುರುತಿನ ನಂಬರು) ಪೆಟ್ಟಿಗೆಯ ಮೇಲಿನದಕ್ಕೂ ಬಿಲ್ಲಿನದಕ್ಕೂ ಹೊಂದುತ್ತದೆಯೇ ನೋಡಿ. ಕೆವೈಎಂ (KYM) ಎಂಬ ಮೂರು ಇಂಗ್ಲಿಷ್ ಅಕ್ಷರ ಒತ್ತಿ, ಜಾಗ ಬಿಟ್ಟು ಆ ಹದಿನೈದು ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಐಎಂಇಐ ಯಾವ ಕಂಪನಿಯ ಯಾವ ಮಾಡೆಲಿನದು ಎಂದು ಉತ್ತರ ಬರುತ್ತದೆ. ಸೆಕೆಂಡ್ ಹ್ಯಾಂಡ್ ಆದರಂತೂ ಇದನ್ನು ಬಿಡಲೇಬೇಡಿ, ಕದ್ದ ಸೆಟ್ಟುಗಳು ಇಲ್ಲೇ ಸಿಕ್ಕಿಬೀಳುತ್ತವೆ. ಮೊಬೈಲ್ ಮೇಲೆ 2020ರ ಏಪ್ರಿಲ್‌ನಿಂದ ಜಿಎಸ್‌ಟಿ 18%. "ಬಿಲ್ ಬ್ಯಾಡ ಅಂದ್ರ ನೂರು ಕಮ್ಮಿ" ಎಂದರೆ ಒಪ್ಪಬೇಡಿ. ಮುಂದೆ ಫೋನ್ ಕಳೆದಾಗ ಪೊಲೀಸರಿಗೆ ದೂರು ಕೊಡಲು, ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ಸೆಟ್ ಬ್ಲಾಕ್ ಮಾಡಿಸಲು ಐಎಂಇಐ ಬರೆದ ಬಿಲ್ಲು ಕೈಯಲ್ಲಿದ್ದರೆ ಕೆಲಸ ಹಗುರ.

ಬ್ಯಾಟರಿ ತೆಗೆಯಲು ಬರಬೇಕು, ಟಾರ್ಚಿಗೆ ಬೇರೆ ಗುಂಡಿ ಇದ್ದರೆ ಒಳ್ಳೆಯದು. ಗುಂಡಿಗಳು ಉಬ್ಬಿರಬೇಕು, ನಡುವಿನ 5ರ ಮೇಲೆ ಚುಕ್ಕೆ ಕೈಗೆ ತಾಗಬೇಕು. ಸದ್ದನ್ನು ಅಂಗಡಿಯ ಗದ್ದಲದಲ್ಲೇ ಆಕೆಯ ಕಿವಿಗೆ ಹಿಡಿದು ನೋಡಬೇಕು, ಮಗಳ ಕಿವಿಗಲ್ಲ.

ಹೆಬ್ಬಟ್ಟು

2024ರ ಜನವರಿ 1ರಿಂದ ಕಾಗದದ ಅರ್ಜಿ ತುಂಬಿ ಸಿಮ್ ಕೊಡುವುದು ನಿಂತಿದೆ. ಈಗ ಆಧಾರ್ ಮತ್ತು ಬೆರಳಿನ ಇ-ಕೆವೈಸಿ, ಅಂದರೆ ಯಂತ್ರದಲ್ಲೇ ಗುರುತಿನ ಪರಿಶೀಲನೆ. ಆಧಾರ್ ಬೇಡವೆನ್ನುವವರಿಗೆ ಬೇರೆ ಗುರುತಿನ ಚೀಟಿ ಹಿಡಿದು, ಅಲ್ಲೇ ಫೋಟೋ ತೆಗೆಸಿ ಆ್ಯಪ್‌ನಲ್ಲೇ ಮುಗಿಸುವ ಡಿಜಿಟಲ್ ಕೆವೈಸಿಯೂ ಇದೆ. ಬೆರಳು ಸತಾಯಿಸಿದಾಗ ಈ ಎರಡನೇ ದಾರಿ ಕೇಳಬಹುದು. ಅನೇಕ ಅಂಗಡಿಗಳು ತಾವಾಗಿ ಹೇಳುವುದಿಲ್ಲ.

ಸತಾಯಿಸುವುದು ಗ್ಯಾರಂಟಿ. ನಲವತ್ತು ವರ್ಷ ಹತ್ತಿ ಬಿಡಿಸಿದ, ತೊಗರಿ ಕಟ್ಟಿದ, ಮುಸುರೆ ತಿಕ್ಕಿದ ಕೈಯಲ್ಲಿ ಗೆರೆಗಳು ಸವೆದಿರುತ್ತವೆ. ಮೇಲೆ ಸುಣ್ಣದ ಪುಡಿ, ಒಣ ಚರ್ಮ. ಯಂತ್ರದ ಗಾಜನ್ನು ಒರೆಸಿ, ಕೈ ತೊಳೆದು ಒರೆಸಿಕೊಂಡು, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮತ್ತೆ ಒರೆಸಿ ಒತ್ತಿದರೆ ಹಿಡಿಯುವ ಸಂಭವ ಹೆಚ್ಚು. ಬಲ ಹೆಬ್ಬೆರಳೇ ಆಗಬೇಕೆಂದಿಲ್ಲ. ಆಧಾರಿನಲ್ಲಿ ಹತ್ತೂ ಬೆರಳು ಇವೆ, ಕಡಿಮೆ ದುಡಿದ ಉಂಗುರ ಬೆರಳು, ಎಡಗೈ ಪ್ರಯತ್ನಿಸಿ. ಮನೆಯವರು ಎಂದಾದರೂ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದ್ದರೆ ಯಾವ ಬೆರಳೂ ಹಿಡಿಯುವುದಿಲ್ಲ. ಲಾಕ್ ತೆಗೆದು ಬರಬೇಕು.

ಇನ್ನು ಇಲ್ಲಿ ಕಣ್ಣಿಟ್ಟು ನೋಡಬೇಕಾದ ಕ್ಷಣ. "ಬಟ್ಟು ಹಿಡೀವಲ್ದು ಆಯಿ, ಇನ್ನೊಮ್ಮಿ ಹಚ್ರಿ" ಎಂಬ ಮಾತು ಎಷ್ಟೋ ಸಲ ನಿಜ, ಕೆಲವು ಸಲ ಮೋಸ. ಮೊದಲನೆಯದು ಹಿಡಿದೇ ಇರುತ್ತದೆ. ಎರಡನೆಯ ಒತ್ತು ಇನ್ನೊಂದು ಸಿಮ್ಮಿಗೆ. ಆ ಇನ್ನೊಂದು ಸಿಮ್ಮು ಆಯಿಯ ಹೆಸರಿನಲ್ಲಿ ಯಾರದೋ ಕೈ ಸೇರಿ, ಎಲ್ಲೋ ಕೂತವರು ಮೋಸದ ಕರೆ ಮಾಡಲು ಬಳಕೆಯಾಗುತ್ತದೆ. ಜೊತೆಗೆ ಹೋದ ಮಗಳು ಅಂಗಡಿಯವನ ಫೋನಿನ ತೆರೆಯ ಕಡೆ ನೋಡುತ್ತಿರಬೇಕು. ಬೆರಳು ಹಿಡಿಯದಿದ್ದರೆ ತೆರೆಯ ಮೇಲೆ ವಿಫಲ ಎಂದು ಬರುತ್ತದೆ, "ತೋರಿಸ್ರಿ ಅಣ್ಣಾ" ಎಂದು ಕೇಳುವುದರಲ್ಲಿ ನಾಚಿಕೆ ಇಲ್ಲ. ವಾರದ ನಂತರ ಸಂಚಾರ ಸಾಥಿ ಜಾಲತಾಣದಲ್ಲಿ ಆಯಿಯ ನಂಬರ್ ಹಾಕಿ, ಆಕೆಯ ಫೋನಿಗೆ ಬಂದ ಒಟಿಪಿ ಕೊಟ್ಟರೆ ಆಕೆಯ ಹೆಸರಲ್ಲಿ ಎಷ್ಟು ನಂಬರುಗಳಿವೆ ಎಂಬ ಪಟ್ಟಿ ಬರುತ್ತದೆ. ತನ್ನದಲ್ಲದ್ದು ಕಂಡರೆ ಅಲ್ಲೇ "ನನ್ನ ನಂಬರಲ್ಲ" ಎಂದು ಗುರುತು ಹಾಕಬಹುದು. ಇದಕ್ಕೆ ಮಗಳ ಸ್ಮಾರ್ಟ್‌ಫೋನು ಸಾಕು.

ಸಿಮ್ಮಿನ ಗಾತ್ರದ ಮಾತು ಚಿಕ್ಕದು, ತೊಂದರೆ ಮಾತ್ರ ದೊಡ್ಡದು. ಕಾರ್ಡಿನಲ್ಲಿ ಮೂರು ಅಳತೆಗೆ ಗೀಟು ಹಾಕಿರುತ್ತಾರೆ: ಹೊರಗಿನದು 25×15 ಮಿಲಿಮೀಟರ್, ಒಳಗಿನ ನ್ಯಾನೋ 12.3×8.8. ಬಟನ್ ಫೋನಿನ ಗೂಡು ಸಾಮಾನ್ಯವಾಗಿ ಹೊರಗಿನ ದೊಡ್ಡ ಅಳತೆಯದು. ಅಂಗಡಿಯವನು ಕೈಯ ಅಭ್ಯಾಸಕ್ಕೆ ನ್ಯಾನೋವರೆಗೂ ಮುರಿದುಕೊಟ್ಟರೆ ಅದು ಗೂಡಿನೊಳಗೆ ಅಲುಗಾಡುತ್ತದೆ, ಫೋನು ಒಮ್ಮೆ ಕೆಳಗೆ ಬಿದ್ದರೆ "ಸಿಮ್ ಹಾಕಿ" ಎಂದು ಬರುತ್ತದೆ. ಮುರಿಯುವ ಮುಂಚೆ ಸೆಟ್ಟಿನ ಗೂಡು ತೋರಿಸಿ. ಮುರಿದಾಗಿದ್ದರೆ ಉಳಿದ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯಬೇಡಿ, ಅದರಲ್ಲೇ ಕೂಡಿಸಿ ಹಾಕಿದರೆ ನಡೆಯುತ್ತದೆ.

84 ದಿನ

ಸಿಮ್ಮು 2025ರ ಫೆಬ್ರವರಿ 3ರಂದು ಚಾಲೂ ಆಯಿತು ಎಂದುಕೊಳ್ಳಿ. ಅಂಗಡಿಯವನು ಕೇಳದೆಯೇ 199ರ ಪ್ಲಾನ್ ಒತ್ತಲು ಹೊರಟ: 28 ದಿನ, ಎಷ್ಟು ಬೇಕಾದರೂ ಮಾತು, 2 ಜಿಬಿ ಇಂಟರ್‌ನೆಟ್. ಎಲ್ಲರೂ ಹಾಕಿಸುವುದು ಅದೇ, ಅವನದೇನೂ ತಪ್ಪಿಲ್ಲ.

28 ದಿನ ಎಂದರೆ ತಿಂಗಳಲ್ಲ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು: 2,587 ರೂಪಾಯಿ. ಅದರಲ್ಲಿ ಮುಟ್ಟದೇ ಹೋಗುವ ಇಂಟರ್‌ನೆಟ್ಟಿನ ದುಡ್ಡೂ ಸೇರಿದೆ. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮ ತಿದ್ದಿ, ಇಂಟರ್‌ನೆಟ್ ಇಲ್ಲದ ಮಾತು-ಎಸ್‌ಎಂಎಸ್ ಮಾತ್ರದ ಒಂದಾದರೂ ವೋಚರನ್ನು ಪ್ರತಿ ಕಂಪನಿ ಕೊಡಬೇಕು ಎಂದಿತು. ಇಂಥ ವೋಚರುಗಳ ಅವಧಿಯ ಮಿತಿಯನ್ನೂ 90ರಿಂದ 365 ದಿನಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬಂದ ದರಗಳು ಹೀಗಿದ್ದವು: ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, 365 ದಿನಕ್ಕೆ 1,849, ಜಿಯೋದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1,748. ದರ ಬದಲಾಗುತ್ತಿರುತ್ತದೆ, ಲೆಕ್ಕ ಹಾಕುವ ಬಗೆ ಬದಲಾಗುವುದಿಲ್ಲ: ಬೆಲೆಯನ್ನು ದಿನಗಳಿಂದ ಭಾಗಿಸಿ. 199ರದು ದಿನಕ್ಕೆ 7 ರೂಪಾಯಿ 10 ಪೈಸೆ, 469ರದು 5 ರೂಪಾಯಿ 58 ಪೈಸೆ, 1,849ರದು 5 ರೂಪಾಯಿ 7 ಪೈಸೆ.

ವರ್ಷದ ಪ್ಲಾನೇ ಅಗ್ಗ. ಆದರೆ 1,849 ಎಂದರೆ ಒಂದೂವರೆ ತಿಂಗಳ ಪಿಂಚಣಿ, ಒಮ್ಮೆಲೇ ಕಿತ್ತುಕೊಡಬೇಕು. ಹೊಸ ನಂಬರು, ಆ ಟವರು ಮಳೆಗಾಲದಲ್ಲಿ ಹೇಗಿರುತ್ತದೋ ನೋಡಿಲ್ಲ. ಮೊದಲ ಸಲ 84 ದಿನದ್ದು ಹಾಕಿಸಿ, ಎಲ್ಲ ಸರಿ ಎನಿಸಿದರೆ ಆಮೇಲೆ ವರ್ಷದ್ದಕ್ಕೆ ಹೋಗುವುದು ಜಾಣತನ. ಈ ಮಾತಿನ ಪ್ಲಾನುಗಳನ್ನು ಅಂಗಡಿಯವನು ಪಟ್ಟಿಯ ಕೆಳಗೆ ಹೋಗಿ ಹುಡುಕಬೇಕಾಗುತ್ತದೆ. "ಡಾಟಾ ಇಲ್ದಿದ್ದು, ಬರೇ ಮಾತಿಂದು, ಎಂಬತ್ತನಾಕ್ ದಿನದ್ದು" ಎಂದು ಬಿಡಿಸಿ ಹೇಳಿ.

ಇನ್ನೊಂದು ಹಳೆಯ ನಂಬಿಕೆ ಬಿಡಿಸಲೇಬೇಕು. "ಹತ್ತು ರೂಪಾಯಿ ಹಾಕಿಬಿಟ್ರ ಇನ್‌ಕಮಿಂಗ್ ಇರ‍್ತದ" ಎಂದು ಊರಿನಲ್ಲಿ ಇನ್ನೂ ಹೇಳುವವರಿದ್ದಾರೆ. ಅದು 2018ಕ್ಕೆ ಮುಂಚಿನ ಮಾತು. ಆ ವರ್ಷದ ಕೊನೆಗೆ ಕಂಪನಿಗಳು ಕನಿಷ್ಠ ರಿಚಾರ್ಜಿನ ಪದ್ಧತಿ ತಂದವು. ಈಗ 10 ರೂಪಾಯಿ ಟಾಪ್‌ಅಪ್ ಹಾಕಿದರೆ 7 ರೂಪಾಯಿ 47 ಪೈಸೆ ಬ್ಯಾಲೆನ್ಸ್ ಬರುತ್ತದೆ, ದಿನ ಬರುವುದಿಲ್ಲ. ಅವಧಿ ಮುಗಿದರೆ ಮೊದಲು ಹೋಗುವ ಕರೆ ಬಂದ್, ಕೆಲವು ದಿನದಲ್ಲಿ ಬರುವ ಕರೆಯೂ ಬಂದ್.

ನಂಬರು ಪೂರ್ತಿ ಹೋಗುವುದು ಅದಕ್ಕೂ ಆಚೆ. ಟ್ರಾಯ್‌ನ 2013ರ ನಿಯಮದಂತೆ 90 ದಿನ ಏನೂ ಬಳಕೆ ಇಲ್ಲದೆ ಹೋಗುವ ಮೊದಲು ಪ್ರೀಪೇಯ್ಡ್ ನಂಬರನ್ನು ಕಿತ್ತುಹಾಕುವಂತಿಲ್ಲ. ಆಗಲೂ ಬ್ಯಾಲೆನ್ಸು 20 ರೂಪಾಯಿ ಅಥವಾ ಹೆಚ್ಚು ಇದ್ದರೆ ಉಳಿಯುತ್ತದೆ, ಇಲ್ಲದಿದ್ದರೂ ಮತ್ತೆ ಚಾಲೂ ಮಾಡಿಸಿಕೊಳ್ಳಲು 15 ದಿನದ ಅವಕಾಶವಿದೆ. ಒಮ್ಮೆ ಹೋದ ನಂಬರು 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ಹೀಗೆ ಕೈಬಿಟ್ಟ ನಂಬರು ಬ್ಯಾಂಕಿನಲ್ಲಿ ಹಾಗೇ ಉಳಿದಿದ್ದರೆ ಆಯಿಯ ಖಾತೆಯ ಒಟಿಪಿ ಅಪರಿಚಿತನ ಜೇಬಿನಲ್ಲಿ ಗುಣುಗುಣಿಸುತ್ತದೆ. ಅದಕ್ಕೇ ಬ್ಯಾಂಕಿಗೆ ಹೊಸ ನಂಬರನ್ನು ಮೊದಲ ದಿನವೇ ಕೊಡಲಿಲ್ಲ. ಒಂದು ತಿಂಗಳು ಮನೆಯಲ್ಲಿ ಟವರು ನಿಲ್ಲುತ್ತದೆಂದು ಖಾತ್ರಿಯಾದ ಮೇಲೆ ಮೊದಲು ಆಧಾರಿನಲ್ಲಿ, ಆಮೇಲೆ ಬ್ಯಾಂಕಿನಲ್ಲಿ ಬದಲಿಸಿದ್ದು. ಆಧಾರಿಗೆ ನಂಬರು ಸೇರಿಸುವ ಕೆಲಸವನ್ನು ಅಂಚೆ ಪೇಮೆಂಟ್ಸ್ ಬ್ಯಾಂಕಿನ ಪೋಸ್ಟ್‌ಮನ್ನರೂ ಮಾಡಿಕೊಡುತ್ತಾರೆ.

ಕೆಂಪು ಟಿಕಳಿ

ಅಕ್ಷರ ಬಾರದವರಿಗೆ ಹೆಸರಿನ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಒಂದೇ ಅಂಕಿ ಒತ್ತಿ ಹಿಡಿದರೆ ಕರೆ ಹೋಗುವ ಸ್ಪೀಡ್ ಡಯಲ್ ಬರುತ್ತದೆ. 1 ಸಾಮಾನ್ಯವಾಗಿ ವಾಯ್ಸ್‌ಮೇಲಿಗೆ ಮೀಸಲು, ಹಾಗಾಗಿ 2 ಮಗನಿಗೆ, 3 ಮಗಳಿಗೆ, 4 ಓಣಿಯ ಅಂಗನವಾಡಿ ಅಕ್ಕನಿಗೆ. ಹಣೆಗೆ ಹಚ್ಚುವ ಟಿಕಳಿಯ ಪಾಕೀಟಿನಿಂದ ಕೆಂಪನ್ನು 2ರ ಮೇಲೆ, ಹಸಿರನ್ನು 3ರ ಮೇಲೆ ಅಂಟಿಸಿದರು. "ಕೆಂಪು ಒತ್ತಿ ಹಿಡಿ" ಎಂದರೆ ಸಾಕು. ಟಿಕಳಿ ಎರಡು ವಾರಕ್ಕೆ ಉದುರುತ್ತದೆ, ಉಗುರುಬಣ್ಣದ ಚುಕ್ಕೆ ಹೆಚ್ಚು ಬಾಳುತ್ತದೆ.

5 ಮತ್ತು 9ಕ್ಕೆ ಯಾರನ್ನೂ ಕೂಡಿಸಬೇಡಿ. 2017ರಿಂದ ಭಾರತದಲ್ಲಿ ಮಾರುವ ಬಟನ್ ಫೋನುಗಳಲ್ಲಿ ಈ ಎರಡರಲ್ಲೊಂದನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕೆಂಬ ನಿಯಮವಿದೆ. ಆಯಿಗೆ ಅದನ್ನು ತೋರಿಸಿಕೊಡಿ, ಕೀಪ್ಯಾಡ್ ಲಾಕ್ ಆಗುವುದನ್ನೂ ಹಚ್ಚಿಡಿ. ಇಲ್ಲದಿದ್ದರೆ ಫೋನು ಉಡಿಯಲ್ಲಿ ಒತ್ತಿಕೊಂಡು 112ಕ್ಕೆ ತಾನೇ ಕರೆ ಮಾಡುತ್ತದೆ.

ನಂಬರುಗಳನ್ನು ಸಿಮ್ಮಿನಲ್ಲಿ ಉಳಿಸುವುದೋ ಫೋನಿನಲ್ಲೋ? ಸಿಮ್ಮಿನಲ್ಲಿಟ್ಟರೆ ಸೆಟ್ ಕೆಟ್ಟರೂ ಉಳಿಯುತ್ತವೆ, ಆದರೆ ಅಲ್ಲಿ ಹೆಸರಿಗೆ ಜಾಗ ಕಡಿಮೆ. ಕನ್ನಡ ಅಕ್ಷರ ಇಂಗ್ಲಿಷಿನ ಎರಡರಷ್ಟು ಜಾಗ ತಿನ್ನುವುದರಿಂದ ಉದ್ದ ಹೆಸರು ನಡುವೆ ತುಂಡಾಗುತ್ತದೆ. ಕನ್ನಡ ಎಸ್‌ಎಂಎಸ್ 70 ಅಕ್ಷರಕ್ಕೇ ಮುಗಿಯುವುದೂ ಇದೇ ಕಾರಣಕ್ಕೆ, ಇಂಗ್ಲಿಷಿನದಕ್ಕೆ 160. ಎಲ್ಲಕ್ಕಿಂತ ಭದ್ರವಾದದ್ದು ಒಂದು ಚೀಟಿ: ಮೂರು ನಂಬರು, ಊರ ಹೆಸರು ಬರೆದು ಬ್ಯಾಟರಿ ಮುಚ್ಚಳದ ಒಳಗೆ ಇಟ್ಟರು.

ಅಂದೇ ಇನ್ನೂ ಕೆಲವು ಎಸ್‌ಎಂಎಸ್ ಮಗಳ ಕೈಯಿಂದ ಹೋದವು. ಇಂಗ್ಲಿಷಿನಲ್ಲಿ ಸ್ಟಾರ್ಟ್, ಜಾಗ ಬಿಟ್ಟು ಸೊನ್ನೆ, 1909ಕ್ಕೆ: ಜಾಹೀರಾತು ಕರೆ ನಿಲ್ಲಿಸಲು. ಸ್ಟಾಪ್ ಎಂದು 1925ಕ್ಕೆ: ಇಂಟರ್‌ನೆಟ್ ಬಂದ್ ಮಾಡಲು. ಬೇಡದ ಕಾಲರ್ ಟ್ಯೂನ್ ಅಂಟಿಕೊಂಡಿದ್ದರೆ ಬಿಡಿಸಲು 155223. ಬಟನ್ ಫೋನಿನಲ್ಲಿ ತೆರೆಯ ಮೇಲೆ ತಾನಾಗಿ ಹಾರಿಬರುವ ಸಂದೇಶಕ್ಕೆ ಸರಿ ಎಂದು ಒತ್ತಿದರೆ ಇಂಥವು ಅಂಟುತ್ತವೆ. ಆಯಿಗೆ ಹೇಳಿಕೊಟ್ಟದ್ದು ಒಂದೇ, ಗೊತ್ತಿಲ್ಲದ್ದು ಬಂದರೆ ಕರೆ ಕತ್ತರಿಸುವ ಕೆಂಪು ಗುಂಡಿ ಒತ್ತು (ಟಿಕಳಿ ಅಂಟಿಸಿದ್ದಲ್ಲ). ಯಾರಾದರೂ ಬ್ಯಾಂಕಿನವರೆಂದು ಅಂಕಿ ಕೇಳಿದರೆ ಹೇಳಬಾರದು. ಹೇಳಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಗಳು ಕರೆ ಮಾಡಬೇಕು.

ಮೊದಲ ತಿಂಗಳ ತಕರಾರು

ಎರಡನೇ ವಾರ ಮಗನ ದೂರು: "ರಿಂಗ್ ಹೋಗ್ಲತ್ತದ, ಎತ್ತವಲ್ಲಳು." ಆಯಿಯ ದೂರು: "ಬಂದೇ ಇಲ್ಲ." ಇಬ್ಬರದೂ ನಿಜ. # ಗುಂಡಿ ಒತ್ತಿ ಹಿಡಿದರೆ ಸೈಲೆಂಟ್ ಆಗುವ ಸೆಟ್ ಅದು. ಫೋನನ್ನು ಬಿಗಿಯಾಗಿ ಹಿಡಿದು ಮಾತಾಡುವವರ ಹೆಬ್ಬೆರಳು ಕೂಡುವುದೇ ಆ ಮೂಲೆಯಲ್ಲಿ. ತೆರೆಯ ಮೇಲೆ ಗೀಟು ಹೊಡೆದ ಗಂಟೆಯ ಚಿತ್ರ ಇದ್ದರೆ ಅದೇ ಗುಂಡಿಯನ್ನು ಮತ್ತೆ ಒತ್ತಿ ಹಿಡಿಯಬೇಕು.

ಮೂರನೇ ವಾರ ಚಾರ್ಜು ಹಿಡಿಯುವುದು ನಿಂತಿತು. ಚಾರ್ಜರ್ ಬದಲಿಸಿದರು, ಬ್ಯಾಟರಿ ಬದಲಿಸಬೇಕು ಎಂದರು. ನಿಜವಾದ ಕಾರಣ ಎಲಿ-ಅಡಕಿ ಸಂಚಿ. ಫೋನು ಅದರೊಳಗೇ ಇರುತ್ತಿತ್ತು. ಚಾರ್ಜಿಂಗ್ ತೂತಿನಲ್ಲಿ ಸುಣ್ಣ ಮತ್ತು ತಂಬಾಕಿನ ಪುಡಿ ಗಟ್ಟಿಯಾಗಿ ಕೂತಿತ್ತು. ಒಣ ಸುಣ್ಣವೇ ಪಿನ್ನು ಕೂಡದಂತೆ ಮಾಡುತ್ತದೆ, ತೇವ ಸೇರಿದರೆ ಲೋಹವನ್ನೂ ತಿನ್ನುತ್ತದೆ. ಫೋನ್ ಬಂದ್ ಮಾಡಿ, ಬ್ಯಾಟರಿ ತೆಗೆದು, ಕಟ್ಟಿಗೆಯ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದರಿ, ಹಳೆಯ ಒಣ ಬ್ರಶ್ಶಿನಿಂದ ಗುಡಿಸಿದಾಗ ಸರಿಯಾಯಿತು. ಸೂಜಿ, ಪಿನ್ನು ಹಾಕಬಾರದು. ಒಳಗಿನ ತಗಡು ಬಾಗಿದರೆ ರಿಪೇರಿ ಖರ್ಚು ಬೇರೆ. ಈಗ ಫೋನಿಗೆ ಕುಪ್ಪಸದ ಖಣದ ತುಂಡಿನದೇ ಒಂದು ಸಣ್ಣ ಚೀಲ, ಸಂಚಿಯ ದಾರಕ್ಕೆ ಕಟ್ಟಿದ್ದು, ಹೊರಗೆ.

ಮೇ ತಿಂಗಳಿಗೆ ಇನ್ನೊಂದು ಎಚ್ಚರ. ನಮ್ಮ ಕಡೆ ಬಿಸಿಲು 42, 43 ಡಿಗ್ರಿ ದಾಟುತ್ತದೆ, ಪತ್ರಾಸಿನ ಕೆಳಗೆ ಇನ್ನೂ ಹೆಚ್ಚು. ಕಿಟಕಿಯ ಕಟ್ಟೆಯಲ್ಲಿ ಚಾರ್ಜಿಗೆ ಹಾಕಿ ಮರೆತರೆ ಬ್ಯಾಟರಿ ಉಬ್ಬುತ್ತದೆ. ಫರ್ಸಿಯ ಮೇಲಿಟ್ಟು ಬೆರಳಿಂದ ತಿರುಗಿಸಿ: ಬುಗುರಿಯಂತೆ ತಿರುಗಿದರೆ ಉಬ್ಬಿದೆ ಎಂದರ್ಥ, ಅದನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಬೆಳಗಿನ ತಂಪಿನಲ್ಲಿ ಚಾರ್ಜು ಮಾಡುವುದು ಒಳ್ಳೆಯದು.

ಗೊತ್ತಿಲ್ಲದ, ಪ್ಲಸ್ ಗುರುತಿನ ನಂತರ 91 ಅಲ್ಲದ ನಂಬರಿನಿಂದ ಮಿಸ್ ಕಾಲ್ ಬಂದದ್ದೂ ಉಂಟು. ತಿರುಗಿ ಮಾಡಿದರೆ ಅದು ಹೊರದೇಶದ ಕರೆ, ಪ್ಲಾನಿನೊಳಗೆ ಬರುವುದಿಲ್ಲ. ಮೇನ್ ಬ್ಯಾಲೆನ್ಸು ಸೊನ್ನೆ ಇದ್ದದ್ದಕ್ಕೆ ಹೋಗಲಿಲ್ಲ. ಇಂಥ ಬಳಕೆದಾರರ ಮೇನ್ ಬ್ಯಾಲೆನ್ಸ್ ಸೊನ್ನೆ ಇರುವುದೇ ಕ್ಷೇಮ ಎಂದು ನಮಗೆ ಅನಿಸುವುದು ಇದಕ್ಕೇ.

ಕಂಪನಿ ಕಳಿಸುವ "ಅವಧಿ ಮುಗಿಯುತ್ತಿದೆ" ಎಂಬ ಎಸ್‌ಎಂಎಸ್ಸನ್ನು ಆಯಿ ಓದಲಾರಳು. ಫೆಬ್ರವರಿ 3ರಿಂದ 84 ದಿನ ಎಣಿಸಿದರೆ ಕೊನೆಯ ದಿನ ಏಪ್ರಿಲ್ 27, ಭಾನುವಾರ. ಗೋಡೆಯ ಕ್ಯಾಲೆಂಡರಿನಲ್ಲಿ 26ಕ್ಕೆ ಅರಿಶಿನದ ಬಟ್ಟು ಇಟ್ಟರು. ರಿಚಾರ್ಜು ಯಾರು ಹಾಕಬೇಕು ಎಂಬುದೂ ಮೊದಲೇ ಇತ್ಯರ್ಥವಾಗಿತ್ತು: ಮಗಳು ಮಾತ್ರ. ಮಗನೂ ಮಗಳೂ ಒಂದೇ ದಿನ ಹಾಕಿ ಎರಡು ಸಲ ದುಡ್ಡು ಹೋಗುವುದು ಎಷ್ಟೋ ಮನೆಗಳಲ್ಲಿ ಆಗುತ್ತದೆ, ಅದನ್ನು ಮರಳಿ ಪಡೆಯುವುದು ದೊಡ್ಡ ಜಂಜಾಟ. 26ರ ಬೆಳಿಗ್ಗೆ ಆಯಿ ಹಸಿರು ಚುಕ್ಕೆ ಒತ್ತಿ ಹಿಡಿದಳು. "ನನ್ನ ನಂಬರಿಗಿ ದಿನಾ ಹಾಕವಾ" ಎಂದಳು. ಮುಂದಿನ ಅರಿಶಿನ ಜುಲೈ 19ಕ್ಕೆ.